ಜುಂಜಪ್ಪನ ಗುಡ್ಡೆಯಿಂದ ಕಾಣುವ ಧರ್ಮ

ಜನಗಣತಿಯ ನಮೂನೆಯಲ್ಲಿ ಧರ್ಮಕ್ಕೊಂದು ಕಾಲಂ ಇರುತ್ತದೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ ಎಂಬ ಆರು ಹೆಸರುಗಳಾದ ಮೇಲೆ ‘ಇತರೆ’ ಬರುತ್ತದೆ. 2011ರಲ್ಲಿ ಆ ‘ಇತರೆ’ಗೆ ಸೇರಿದವರು ಸುಮಾರು 79 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಜಾರ್ಖಂಡ್ ಮತ್ತು ಅದರ ಸುತ್ತಲಿನ ಆದಿವಾಸಿಗಳು. ತಮ್ಮ ಧರ್ಮದ ಹೆಸರು ಸರ್ನಾ ಎಂದು ಹಟ ಹಿಡಿದು ಬರೆಸಿದವರು. ನಮ್ಮ ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ಕಡೆಯ ಗೊಲ್ಲರಹಟ್ಟಿಗಳ ಕಾಡುಗೊಲ್ಲರಿಗೆ ಅಂಥ ಹಟವಿಲ್ಲ. ಹಿಂದೂ ಎಂದು ಬರೆಸುತ್ತಾರೆ, ಅದರಲ್ಲಿ ಅವರಿಗೆ ತಕರಾರೂ ಇಲ್ಲ.

ಆದರೆ ಹಟ್ಟಿಯೊಳಗೆ ಹೋಗಿ ಮನೆದೇವರು ಯಾರು ಎಂದು ಕೇಳಿದರೆ ಬರುವ ಹೆಸರುಗಳು ಬೇರೆ. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ. ಪುರಾಣಗಳ ಪುಟ ತಿರುವಿದರೆ ಇವರು ಸಿಗುವುದಿಲ್ಲ. ಇವರಿಗೆ ಸಂಸ್ಕೃತದ ಸ್ತೋತ್ರವಿಲ್ಲ, ಆಗಮಶಾಸ್ತ್ರವಿಲ್ಲ, ಮಠದ ಗುರುಪರಂಪರೆಯಿಲ್ಲ. ಇರುವುದು ಹಾಡು, ದನ, ಹಟ್ಟಿಯ ಕಟ್ಟುಕಟ್ಟಳೆ ಮತ್ತು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಸೇರುವ ಜನ. ಹೊರಗಿನಿಂದ ನೋಡುವವರು ಇದಕ್ಕೆ ಎರಡರಲ್ಲೊಂದು ಹೆಸರು ಕೊಟ್ಟು ಮುಂದೆ ಹೋಗುತ್ತಾರೆ. ಸಿಟ್ಟು ಬಂದಾಗ ಮೂಢನಂಬಿಕೆ, ಪ್ರೀತಿ ಬಂದಾಗ ಜಾನಪದ. ಎರಡೂ ಹೆಸರು ಇದನ್ನು ಧರ್ಮವೆಂದು ಒಪ್ಪುವುದಿಲ್ಲ. ಧರ್ಮವೆಂದು ಒಪ್ಪಿ ನೋಡಿದರೆ ಮಾತ್ರ ಇದು ಜನರ ಬದುಕಿನಲ್ಲಿ ಏನು ಕೆಲಸ ಮಾಡುತ್ತದೆ, ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕತ್ತು ಹಿಸುಕುತ್ತದೆ ಎಂಬುದು ತಿಳಿಯುತ್ತದೆ.

ಇದೇ ಚರ್ಚೆಯನ್ನು ಆಫ್ರಿಕಾ ಖಂಡದ ಜನ ನಮಗಿಂತ ಮುಂಚೆ, ನಮಗಿಂತ ಜೋರಾಗಿ ನಡೆಸಿದ್ದಾರೆ. ಅಲ್ಲಿನ ಸಾವಿರಾರು ಜನಾಂಗಗಳ ದೇವರು, ಹಿರಿಯರು, ಹರಕೆಗಳನ್ನು ಯುರೋಪಿನವರು ಬಹುಕಾಲ ಮಾಟ, ವಿಗ್ರಹಾರಾಧನೆ ಎಂದೇ ಕರೆದರು. 1871ರಲ್ಲಿ ಎಡ್ವರ್ಡ್ ಟೈಲರ್ ಎಂಬ ವಿದ್ವಾಂಸ ಇಂಥವನ್ನೆಲ್ಲ ಮನುಷ್ಯನ ಧಾರ್ಮಿಕ ಬೆಳವಣಿಗೆಯ ಮೊದಲ ಮೆಟ್ಟಿಲಿಗೆ ತಳ್ಳಿದ. 1954ರಲ್ಲಿ ಜೆಫ್ರಿ ಪ್ಯಾರಿಂಡರ್ ಬರೆದ ಪುಸ್ತಕದಿಂದ ‘ಆಫ್ರಿಕಾದ ಸಾಂಪ್ರದಾಯಿಕ ಧರ್ಮ’ ಎಂಬ ಮಾತು ವಿದ್ಯಾಲಯಗಳಲ್ಲಿ ನೆಲೆಯೂರಿತು. ಕೀನ್ಯಾದ ಜಾನ್ ಎಂಬಿಟಿ 1969ರಲ್ಲಿ ಅದನ್ನು ಒಳಗಿನವರಾಗಿ ವಿವರಿಸಿದರು. ಉಗಾಂಡದ ಕವಿ ಒಕೋಟ್ ಪಿ’ಬಿಟೆಕ್ ಅದರ ಮರುವರ್ಷವೇ, ನಮ್ಮ ದೇವರುಗಳಿಗೆ ನಿಮ್ಮ ದೇವರ ಅಂಗಿ ತೊಡಿಸಬೇಡಿ ಎಂಬ ಅರ್ಥದಲ್ಲಿ ತಕರಾರು ತೆಗೆದರು. ಈಗ ಬೆನಿನ್ ದೇಶದಲ್ಲಿ ಜನವರಿ 10 ಅಲ್ಲಿನ ಮೂಲಧರ್ಮವಾದ ವೊಡುನ್‌ಗೆಂದೇ ಮೀಸಲಾದ ರಾಷ್ಟ್ರೀಯ ರಜಾದಿನ. ಆ ಚರ್ಚೆಯಲ್ಲಿ ಪಳಗಿದ ಕಣ್ಣಿನಿಂದ ನಮ್ಮ ಬಯಲುಸೀಮೆಯನ್ನು ನೋಡಿದರೆ ಹಲವು ಸಂಗತಿಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಇರುವ ಜುಂಜಪ್ಪನ ಗುಡ್ಡೆಯಿಂದಲೇ ಶುರುಮಾಡೋಣ. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಾಡುಗೊಲ್ಲರಿಗೆ ಇದು ದೊಡ್ಡ ಕ್ಷೇತ್ರ. ಜುಂಜಪ್ಪ ದನ ಕಾಯ್ದವನು. ಚಿನ್ನಮ್ಮನ ಮಗ. ಬಡಮೈಲ ಎಂಬ ಹೋರಿಯ ಒಡನಾಡಿ. ಸೋದರಮಾವಂದಿರ ಹಗೆಗೆ ಗುರಿಯಾಗಿ, ವಿಷಪ್ರಾಶನಕ್ಕೆ ಸಿಕ್ಕಿ ಸತ್ತವನು. ಕತೆಯ ವಿವರ ಹಾಡುಗಾರರಿಂದ ಹಾಡುಗಾರರಿಗೆ ಬದಲಾಗುತ್ತದೆ. ಕಾವ್ಯ ಅವನನ್ನು ವೀರಭದ್ರನ ಅಂಶವೆಂದೂ ಹೇಳಿ ದೊಡ್ಡ ಶೈವ ಪರಂಪರೆಗೆ ಒಂದು ಎಳೆ ಜೋಡಿಸುತ್ತದೆ. ಆದರೂ ಕೇಳುವವರ ಎದೆಯಲ್ಲಿ ನಿಲ್ಲುವುದು ಬಯಲಿನಲ್ಲಿ ದನ ಅಟ್ಟಿಕೊಂಡು ಹೋದ ಹುಡುಗ, ಹುಲ್ಲಿಗಾಗಿ ನಡೆದ ಜಗಳ, ನೆಂಟರೇ ಬಗೆದ ದ್ರೋಹ. ಬದುಕಿದ್ದವನೊಬ್ಬ ಸತ್ತು ದೇವರಾದ. ಮೇಲಿನಿಂದ ಇಳಿದುಬಂದ ದೇವರಿಗಿಂತ ಹೀಗೆ ನೆಲದಿಂದ ಎದ್ದ ದೇವರು ಜನರಿಗೆ ಹತ್ತಿರ. ಅವನಿಗೆ ಹಸಿವು ಗೊತ್ತು, ಬರ ಗೊತ್ತು, ದನಕ್ಕೆ ರೋಗ ಬಂದಾಗಿನ ಸಂಕಟ ಗೊತ್ತು.

ಎಂಬಿಟಿ ವಿವರಿಸಿದ್ದೂ ಇದನ್ನೇ ಹೋಲುತ್ತದೆ. ಆಫ್ರಿಕಾದ ಎಷ್ಟೋ ಜನಾಂಗಗಳಲ್ಲಿ ಸತ್ತವರು ಒಮ್ಮೆಗೇ ಇಲ್ಲವಾಗುವುದಿಲ್ಲ. ಅವರ ಹೆಸರು ಹಿಡಿದು ಕರೆಯುವವರು, ಮುಖ ನೆನಪಿಟ್ಟವರು ಇರುವವರೆಗೂ ಅವರು ಮನೆಯ ಮಂದಿಯೇ. ಊಟದಲ್ಲಿ ಅವರಿಗೂ ಪಾಲು, ಮದುವೆಯಲ್ಲಿ ಅವರ ಅಪ್ಪಣೆ, ತಪ್ಪು ನಡೆದರೆ ಅವರ ಮುನಿಸು. ನೆನಪಿಡುವವರು ತೀರಿಹೋದ ಮೇಲೆ ಅವರು ಹೆಸರಿಲ್ಲದ ಹಿರಿಯರ ದೊಡ್ಡ ಗುಂಪಿಗೆ ಸೇರುತ್ತಾರೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು, ಹಿರಿಯರ ಬಟ್ಟೆಗೆ ಧೂಪ ಹಾಕುವ ಯಾವ ಮನೆಗೂ ಇದು ಹೊಸ ಸಂಗತಿಯಲ್ಲ. ಜುಂಜಪ್ಪನ ವಿಷಯದಲ್ಲಿ ಆದದ್ದೆಂದರೆ, ಅವನ ಹೆಸರು ಮರೆಯಲು ಜನ ಒಪ್ಪಲೇ ಇಲ್ಲ.

ಮರೆಯದಂತೆ ನೋಡಿಕೊಂಡ ಸಾಧನ ಗಣೆ. ಅದು ಉದ್ದನೆಯ ಬಿದಿರಿನ ಕೊಳಲು. ಹಾಡುಗಾರ ಒಂದಷ್ಟು ಸೊಲ್ಲು ಹಾಡಿ, ಗಣೆಗೆ ಉಸಿರು ತುಂಬಿ, ಮತ್ತೆ ಹಾಡಿಗೆ ಬರುತ್ತಾನೆ. ಹೀಗೆ ರಾತ್ರಿಯಿಡೀ ಜುಂಜಪ್ಪನ ಕಾವ್ಯ ನಡೆಯುತ್ತದೆ. ಆ ಕಾವ್ಯದಲ್ಲಿ ದನದ ಬಣ್ಣಗಳ ಹೆಸರು, ಮೇವಿನ ಜಾಗಗಳ ಹೆಸರು, ನೆಂಟಸ್ತಿಕೆಯ ಲೆಕ್ಕ, ಯಾರು ಯಾರಿಗೆ ಏನು ಕೊಡಬೇಕು ಎಂಬ ನ್ಯಾಯ ಎಲ್ಲವೂ ಇವೆ. ಓದುಬರಹವಿಲ್ಲದ ಸಮುದಾಯಕ್ಕೆ ಇದೇ ಇತಿಹಾಸ, ಇದೇ ಭೂಗೋಳ, ಇದೇ ಧರ್ಮಗ್ರಂಥ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಕಾವ್ಯವನ್ನು ಬುಡಕಟ್ಟು ಮಹಾಕಾವ್ಯಗಳ ಸಾಲಿನಲ್ಲಿ ಅಚ್ಚು ಹಾಕಿಸಿದ್ದು ಕನ್ನಡಕ್ಕೆ ಸಂದ ದೊಡ್ಡ ಸೇವೆ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟಿದ್ದರು. ಕೃಷ್ಣಮೂರ್ತಿ ಹನೂರು ಅವುಗಳನ್ನು ‘ಸಾವಿರದ ಸಿರಿಬೆಳಗು’ ಎಂದು ಸಂಪಾದಿಸಿದರು; ಅದೇ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಈ ಸಂಪ್ರದಾಯದ ಬೊಕ್ಕಸವನ್ನು ಹೆಣ್ಣುಮಗಳೊಬ್ಬಳು ಕಾಯ್ದಳೆಂಬುದನ್ನು ಓದುಗರು ನೆನಪಿಡಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ದೇವರು ಒಂದು ಕಡೆಯಾದರೆ ಹಟ್ಟಿ ಇನ್ನೊಂದು ಕಡೆ. ಮೊದಲಿನ ಹಟ್ಟಿಗಳಿಗೆ ಸುತ್ತ ಮುಳ್ಳುಬೇಲಿ, ನಡುವೆ ದನಕುರಿಗಳ ರೊಪ್ಪ, ಅದರಂಚಿಗೆ ದೇವರ ಗುಡಿ ಇರುತ್ತಿದ್ದವು. ಊರಿನಿಂದ ದೂರ, ಮೇವಿಗೆ ಹತ್ತಿರ. ಹಟ್ಟಿಗೊಬ್ಬ ಗೌಡ, ಒಬ್ಬ ಪೂಜಾರಿ, ಒಬ್ಬ ಯಜಮಾನ. ಹಲವು ಹಟ್ಟಿಗಳು ಸೇರಿ ಒಂದು ಕಟ್ಟೆಮನೆ. ಮದುವೆ ಮುರಿದರೆ, ದನ ಕಳುವಾದರೆ, ಅಣ್ಣತಮ್ಮಂದಿರು ಪಾಲಿಗೆ ಬಿದ್ದರೆ, ಕುಲದ ಕಟ್ಟಳೆ ಯಾರಾದರೂ ದಾಟಿದರೆ ವಿಷಯ ಕಟ್ಟೆಮನೆಗೆ ಬರುತ್ತದೆ. ಅಲ್ಲಿ ತೀರ್ಪು ಹೇಳುವವರು ದೇವರ ಮುಂದೆ ಕೂತು ಹೇಳುತ್ತಾರೆ; ತಪ್ಪೊಪ್ಪಿಕೊಂಡವನು ದೇವರಿಗೆ ಕಾಣಿಕೆ ಕಟ್ಟುತ್ತಾನೆ, ಕುಲದವರ ಜೊತೆ ಕೂತು ಉಣ್ಣುತ್ತಾನೆ. ಹಾಗೆ ಉಂಡರೆ ಜಗಳ ಮುಗಿಯಿತು. ಇದರಲ್ಲಿ ದೇವರ ಕೆಲಸ ಯಾವುದು, ನ್ಯಾಯದ ಕೆಲಸ ಯಾವುದು ಎಂದು ಗೆರೆ ಎಳೆಯಲು ಆಗುವುದಿಲ್ಲ.

ಕೀನ್ಯಾದ ಕರಾವಳಿಯ ಮಿಜಿಕೆಂಡ ಜನರ ‘ಕಾಯಾ’ಗಳು ಈ ಮಾತಿಗೆ ಸರಿಯಾದ ಜೊತೆ. ಕಾಡಿನೊಳಗೆ ಕೋಟೆಯಂತೆ ಕಟ್ಟಿಕೊಂಡಿದ್ದ ಹಳೆಯ ವಸತಿಗಳವು. ಜನ ಹೊರಗೆ ಬಂದು ನೆಲೆಸಿದ ಮೇಲೂ ಕಾಯಾಗಳು ಹಿರಿಯರ ಜಾಗಗಳಾಗಿ ಉಳಿದವು. ಹಿರಿಯರ ಮಂಡಳಿಯೇ ಅಲ್ಲಿನ ಪೂಜೆ, ನ್ಯಾಯ, ಮರ ಕಡಿಯಬಾರದೆಂಬ ಕಟ್ಟಳೆ ಎಲ್ಲವನ್ನೂ ನೋಡಿಕೊಳ್ಳುತ್ತದೆ. 2008ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಳಿದುಳಿದ ಕರಾವಳಿ ಕಾಡು ಅಲ್ಲಿ ಉಳಿದದ್ದಕ್ಕೆ ಆ ಕಟ್ಟಳೆಯೂ ಒಂದು ಕಾರಣ.

ನಮ್ಮಲ್ಲಿ ಅಂಥ ಕಟ್ಟಳೆ ಕಾಯ್ದದ್ದು ದನವನ್ನು. ಕಾಡುಗೊಲ್ಲರಲ್ಲಿಯೂ ಚಿತ್ರದುರ್ಗ, ಪಾವಗಡ ಸೀಮೆಯ ಮ್ಯಾಸಬೇಡರಲ್ಲಿಯೂ ದೇವರ ಎತ್ತುಗಳಿವೆ. ದೇವರಿಗೆ ಬಿಟ್ಟ ಹಸುಗಳು, ಅವುಗಳ ಸಂತತಿ, ಎಲ್ಲವೂ ದೇವರ ಆಸ್ತಿ. ಅವನ್ನು ಮಾರುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ಕಾಯುವವನು ಕಿಲಾರಿ. ಅವನಿಗೆ ಅದು ಕೂಲಿಯ ಕೆಲಸಕ್ಕಿಂತ ಹೆಚ್ಚಿನದು. ಸೇವೆ, ನೇಮ, ಕುಲದವರು ಹೊರಿಸಿದ ಹೊಣೆ. ಎತ್ತು ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಮ್ಯಾಸಬೇಡರು ಕೋಳಿ ತಿನ್ನುವುದಿಲ್ಲ, ಹೆಂಡ ಮುಟ್ಟುವುದಿಲ್ಲ ಎಂಬ ಕಟ್ಟಳೆಗಳೂ ಈ ದೇವರುಗಳಿಗೇ ಸೇರಿದವು.

ದಕ್ಷಿಣ ಸುಡಾನಿನ ನುಎರ್ ಮತ್ತು ಡಿಂಕಾ ಜನರ ಬಗ್ಗೆ ಓದಿದವರಿಗೆ ಇಲ್ಲಿ ಬಡಮೈಲನ ನೆನಪಾಗದೆ ಇರದು. ನುಎರ್ ಹುಡುಗ ಪ್ರಾಯಕ್ಕೆ ಬಂದಾಗ ಅವನಿಗೊಂದು ಎತ್ತು ಸಿಗುತ್ತದೆ. ಅದರ ಬಣ್ಣ, ಕೊಂಬಿನ ಆಕಾರದಿಂದ ಅವನಿಗೂ ಹೆಸರು ಬರುತ್ತದೆ. ಅವನು ಅದರ ಮೇಲೆ ಹಾಡು ಕಟ್ಟುತ್ತಾನೆ, ಅದರ ಜೊತೆ ಬೆಳೆಯುತ್ತಾನೆ. ಇವಾನ್ಸ್ ಪ್ರಿಚರ್ಡ್ 1956ರಲ್ಲಿ ಅವರ ಧರ್ಮದ ಬಗ್ಗೆ ಬರೆದ ಪುಸ್ತಕದಲ್ಲಿ, ಗೊಡ್‌ಫ್ರಿ ಲೀನ್‌ಹಾರ್ಟ್ 1961ರಲ್ಲಿ ಡಿಂಕಾ ಜನರ ಬಗ್ಗೆ ಬರೆದದ್ದರಲ್ಲಿ ದನ ಮತ್ತು ದೇವರ ನಂಟು ಪುಟಪುಟದಲ್ಲಿದೆ. ಸಾವಿರಾರು ಮೈಲಿ ಆಚೆ, ಒಬ್ಬರನ್ನೊಬ್ಬರು ಕಂಡರಿಯದ ಎರಡು ದನಗಾಹಿ ಜನ ಒಂದೇ ಬಗೆಯ ನಂಬಿಕೆಗೆ ಬಂದದ್ದು ಹೇಗೆ? ಯಾರೂ ಯಾರಿಂದಲೂ ಕದಿಯಲಿಲ್ಲ. ಮಳೆ ಕೈಕೊಡುವ ಬಯಲಿನಲ್ಲಿ ದನವೇ ಬ್ಯಾಂಕು, ದನವೇ ಬೀಗತನ, ದನವೇ ಮಾನ. ಬರದಲ್ಲಿ ಎಲ್ಲವನ್ನೂ ಮಾರಿ ತಿನ್ನುವ ಆಸೆ ಹುಟ್ಟಿದಾಗ ಮಾರಬಾರದ ಕೆಲವು ದನಗಳು ಉಳಿಯಬೇಕು. ಇಲ್ಲದಿದ್ದರೆ ಮಳೆ ಬಂದ ವರ್ಷ ಮಂದೆ ಕಟ್ಟಲು ಬೀಜವೇ ಇರುವುದಿಲ್ಲ. ಇವು ದೇವರವು ಎಂದು ಹೇಳಿದರೆ ಹಸಿದವನ ಕೈಯೂ ತಡೆಯುತ್ತದೆ. ನಂಬಿಕೆ ಹುಟ್ಟಿದ್ದು ಇದೇ ಕಾರಣಕ್ಕೆ ಎಂದು ನಾನು ಹೇಳುತ್ತಿಲ್ಲ. ಅದು ಉಳಿದು ಬಂದದ್ದರಲ್ಲಿ ಈ ಕಾರಣಕ್ಕೂ ಪಾಲಿದೆ.

ಈ ಧರ್ಮಕ್ಕೆ ಬಯಲು ಬೇಕು. ಬಯಲು ಹೋಗುತ್ತಿದೆ. ಮೈಸೂರು ಅರಸರ ಕಾಲದಿಂದ ಬಂದ ಅಮೃತ್ ಮಹಲ್ ಕಾವಲ್‌ಗಳಲ್ಲಿ ಚಳ್ಳಕೆರೆಯ ಕಡೆ ಸುಮಾರು 10,000 ಎಕರೆ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಹೋಯಿತು. ಪಾವಗಡದ ತಿರುಮಣಿಯ ಸುತ್ತ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಮಳೆಯಿಲ್ಲದ ಸೀಮೆಯಲ್ಲಿ ಬಿಸಿಲಿಗೂ ಬೆಲೆ ಬಂತಲ್ಲ ಎಂದು ಜನ ಸಂತೋಷಪಟ್ಟದ್ದು ನ್ಯಾಯವೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಎಷ್ಟೋ ಮನೆಗಳ ಸಾಲ ತೀರಿಸಿದೆ. ಆದರೆ ಆ ಹಣ ಬರುವುದು ಜಮೀನಿನ ಒಡೆಯರಿಗೆ. ಬೆಳೆ ಕೊಯ್ದ ಮೇಲೆ ಅದೇ ಹೊಲಗಳಲ್ಲಿ, ಬೀಳುಗಳಲ್ಲಿ ಕುರಿದನ ಮೇಯಿಸುತ್ತಿದ್ದ, ಪಹಣಿಯಲ್ಲಿ ಹೆಸರಿಲ್ಲದವರಿಗೆ ಸಿಕ್ಕಿದ್ದು ಬೇಲಿ ಮಾತ್ರ. ಯೋಜನೆಯ ಕಡತಗಳಲ್ಲಿ ಭೂಮಿಯ ನಷ್ಟಕ್ಕೆ ಅಂಕಣವಿದೆ, ಮೇವಿನ ಹಕ್ಕಿನ ನಷ್ಟಕ್ಕೆ ಇಲ್ಲ, ದೇವರ ಎತ್ತಿನ ಮೇವಿಗಂತೂ ಇರುವುದು ಸಾಧ್ಯವೇ ಇಲ್ಲ. ಕಿಲಾರಿಯ ಮಗ ಬೆಂಗಳೂರಿಗೆ ಹೋದಾಗ ಒಂದು ಉದ್ಯೋಗ ಹೋಯಿತು ಎಂದಷ್ಟೇ ನಾವು ಬರೆದುಕೊಳ್ಳುತ್ತೇವೆ.

ಗುಡ್ಡೆ, ಹಟ್ಟಿ, ಮಂದೆಗಳಾಚೆ ಇದೇ ಧರ್ಮದ ಇನ್ನೊಂದು ಮುಖ ಊರಿನ ನಡುವೆಯೇ ಇದೆ. ಮಧುಗಿರಿಯ ಏಕಶಿಲಾ ಬೆಟ್ಟದ ಕೆಳಗಿನ ಊರಿನಲ್ಲಿ ದಂಡಿನ ಮಾರಮ್ಮನ ಜಾತ್ರೆ ನಡೆಯುವಾಗ ಸುತ್ತಲಿನ ತಾಲ್ಲೂಕುಗಳ ಜನ ಬರುತ್ತಾರೆ. ಹಳ್ಳಿಹಳ್ಳಿಗೂ ಮಾರಮ್ಮನಿದ್ದಾಳೆ. ಅವಳು ಸಿಡುಬು, ಪ್ಲೇಗು, ಕಾಲರಾಗಳನ್ನು ತರುವವಳೂ ಹೌದು, ತಡೆಯುವವಳೂ ಹೌದು. ನೈಜೀರಿಯದ ಯೊರುಬಾ ಜನರಿಗೆ ಶೋಪೋನಾ ಎಂಬ ಸಿಡುಬಿನ ದೇವರಿದ್ದ. ರೋಗದ ಕಾರಣ ತಿಳಿಯದ ಕಾಲದಲ್ಲಿ ಅದಕ್ಕೊಂದು ಮುಖ ಕೊಟ್ಟು, ಅದರ ಜೊತೆ ಮಾತಾಡಲು ಎರಡೂ ಕಡೆಯ ಜನ ದಾರಿ ಹುಡುಕಿಕೊಂಡರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತಿನಿಂದಲೇ ಸಿಡುಬು ತೊಲಗಿತೆಂದು ಘೋಷಣೆಯಾಯಿತು. ಮಾರಮ್ಮ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಏಕೆಂದರೆ ರೋಗ ತಡೆಯುವುದರ ಜೊತೆಗೆ ಅವಳಿಗೆ ಇನ್ನೊಂದು ಕೆಲಸವಿತ್ತು. ಊರಿಗೆ ಸಾರು ಹಾಕಿಸಿದ ದಿನದಿಂದ ಜಾತ್ರೆ ಮುಗಿಯುವವರೆಗೆ ಊರು ಒಂದು ಶಿಸ್ತಿಗೆ ಬರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಮನೆಮನೆಯಿಂದ ತಂಬಿಟ್ಟಿನ ಆರತಿ ಹೊರಡುತ್ತದೆ. ಬೇವಿನ ಸೊಪ್ಪು ತರುವವರು, ಹಲಗೆ ಬಡಿಯುವವರು, ಮಡಕೆ ಕೊಡುವವರು, ಪಂಜು ಹಿಡಿಯುವವರು ಯಾರೆಂಬುದು ಮೊದಲೇ ಗೊತ್ತಿರುತ್ತದೆ. ಮಾರಮ್ಮನ ಕತೆ ಹಾಡುವ ಹಕ್ಕು ಅಸಾದಿಗಳದು. ಅವರು ಹಾಡದೆ ಅಮ್ಮ ಏಳುವುದಿಲ್ಲ ಎಂಬ ನಂಬಿಕೆ ಇದೆ. ವರ್ಷವಿಡೀ ಊರಾಚೆ ಇರುವವರ ಬಾಯಿಯ ಹಾಡು ಆ ರಾತ್ರಿ ಊರಿನ ದೇವರಿಗೆ ಬೇಕೇಬೇಕು.

ಇದನ್ನು ಒಗ್ಗಟ್ಟು ಎಂದು ಹಾಡಿ ಹೊಗಳುವ ಲೇಖನಗಳು ಬೇಕಾದಷ್ಟಿವೆ. ನನಗೆ ಆ ಹೊಗಳಿಕೆಯಲ್ಲಿ ನಂಬಿಕೆಯಿಲ್ಲ. ಎಲ್ಲರಿಗೂ ಪಾಲಿದೆ ಎಂಬುದು ನಿಜ. ಆದರೆ ಯಾರ ಪಾಲು ಯಾವುದು ಎಂದು ಜಾತಿ ಮೊದಲೇ ಬರೆದಿಟ್ಟಿದೆ. ಹಲಗೆ ಬಡಿಯುವ ಮನೆಯ ಹುಡುಗ ಈ ವರ್ಷ ನಾನು ಬಡಿಯುವುದಿಲ್ಲ ಎಂದರೆ ಏನಾಗುತ್ತದೆ ಎಂಬುದರ ಮೇಲೆ ಒಂದು ಜಾತ್ರೆಯ ಆರೋಗ್ಯ ಅಳೆಯಬೇಕು. ಮಾರಮ್ಮನಿಗೆ ಕೊಡುತ್ತಿದ್ದ ಕೋಣದ ಬಲಿಯ ವಿಷಯವನ್ನೂ ನೋಡಿ. 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಬಂದು ಆರು ದಶಕ ಕಳೆದಿವೆ. ಎಷ್ಟೋ ಕಡೆ ಬಲಿಯ ಜಾಗಕ್ಕೆ ಕುಂಬಳಕಾಯಿ, ಅನ್ನದ ಎಡೆ ಬಂದವು. ಅಮ್ಮ ಮುನಿಯಲಿಲ್ಲ, ಜಾತ್ರೆಯೂ ನಿಲ್ಲಲಿಲ್ಲ. ಆಚರಣೆ ಬದಲಾಗಿಯೂ ಧರ್ಮ ಉಳಿಯುತ್ತದೆ ಎಂಬುದಕ್ಕೆ ದೂರ ಹೋಗಿ ಸಾಕ್ಷಿ ತರಬೇಕಾಗಿಲ್ಲ.

ಆಫ್ರಿಕಾದಿಂದಲೇ ಬಂದು ಕನ್ನಡಿಗರಾದವರ ಮಾತೂ ಒಂದಿಷ್ಟು ಇಲ್ಲಿ ಬರಬೇಕು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂರು ಧರ್ಮಕ್ಕೆ ಹಂಚಿಹೋದರೂ ಹಿರಿಯರಿಗೆ ನಡೆದುಕೊಳ್ಳುವುದು, ಡಮಾಮಿಯ ಬಡಿತಕ್ಕೆ ಒಟ್ಟಾಗಿ ಕುಣಿಯುವುದು ಬಿಟ್ಟಿಲ್ಲ. ಜನಗಣತಿಯ ಕಾಲಂ ಅವರನ್ನು ಮೂರಾಗಿ ಒಡೆಯುತ್ತದೆ, ಹಿರಿಯರ ಪೂಜೆ ಒಂದಾಗಿಸುತ್ತದೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ಈಗ ಕಷ್ಟದ ಮಾತಿಗೆ ಬರೋಣ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯೊಬ್ಬರನ್ನು ಸೂತಕದ ಹೆಸರಿನಲ್ಲಿ ಊರಾಚೆಯ ಗುಡಿಸಲಿನಲ್ಲಿ ಇರಿಸಲಾಗಿತ್ತು. ಮಳೆ, ಚಳಿ. ಹಸುಗೂಸು ತೀರಿಕೊಂಡಿತು. ನ್ಯಾಯಾಧೀಶರೊಬ್ಬರು ಹಟ್ಟಿಗೇ ಹೋಗಿ ಗುಡಿಸಲು ತೆರವು ಮಾಡಿಸಿದರು. ಮುಟ್ಟಾದವರನ್ನು, ಹೆತ್ತವರನ್ನು ಹೊರಗಿಡುವ ಈ ಪದ್ಧತಿ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಹುಕಾಲದಿಂದ ಇದೆ, ನಮ್ಮ ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳೂ ಇದಕ್ಕೆ ಹೊರತಲ್ಲ. ಅದಕ್ಕೂ ಮೊದಲು, 2019ರ ಸೆಪ್ಟೆಂಬರಿನಲ್ಲಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿಯ ಗೊಲ್ಲರಹಟ್ಟಿಗೆ ಹೋದ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಅವರನ್ನು, ಅವರು ದಲಿತರೆಂಬ ಕಾರಣಕ್ಕೆ, ಹಟ್ಟಿಯೊಳಗೆ ಬರಬೇಡಿ ಎಂದು ತಡೆದರು. ದೇಶದ ಸಂಸತ್ತಿನಲ್ಲಿ ಕೂರುವವರಿಗೆ ಹೀಗಾದರೆ ಪಕ್ಕದ ಕಾಲೊನಿಯ ಕೂಲಿಯವರ ಪಾಡು ಏನು ಎಂದು ವಿವರಿಸಬೇಕಾಗಿಲ್ಲ.

ಎರಡೂ ಘಟನೆಗಳಲ್ಲಿ ಕೇಳಿಬಂದ ಉತ್ತರ ಒಂದೇ: ನಮ್ಮ ದೇವರು ಒಪ್ಪುವುದಿಲ್ಲ. ಇಲ್ಲಿ ಈ ಧರ್ಮದ ಬಗ್ಗೆ ಗೌರವವಿರುವವರು ಗಟ್ಟಿಯಾಗಿ ಮಾತಾಡಬೇಕು. ಹಟ್ಟಿಯ ಬೇಲಿ ಹಾಕಿದ್ದು ಮಂದೆಯನ್ನು ಕಾಯಲು. ಶುದ್ಧ, ಅಶುದ್ಧ ಎಂಬ ಭೇದ ಹೆಚ್ಚಿನ ಸಮಾಜಗಳಲ್ಲಿ ಇದ್ದಂತೆ ಇಲ್ಲಿಯೂ ಇತ್ತು. ಜಾತಿಯ ಮೇಲುಕೀಳು ಅದಕ್ಕೆ ಬಂದು ಸೇರಿಕೊಂಡಿತು. ಹಸುಗೂಸನ್ನು ಮಳೆಗೆ ಬಿಡಿ ಎಂದು ಕಟ್ಟಳೆ ಹೇಳುತ್ತದೆಂದಾದರೆ, ಆ ಕಟ್ಟಳೆಯನ್ನು ಅದೇ ಕಟ್ಟೆಮನೆ ಕೂತು ಬದಲಿಸಬಹುದು. ಬರೆದಿಟ್ಟ ಶಾಸ್ತ್ರವಿಲ್ಲದ ಧರ್ಮಕ್ಕೆ ಇರುವ ದೊಡ್ಡ ಅನುಕೂಲವೇ ಇದು. ತಿದ್ದಲು ಪೀಠದ ಅಪ್ಪಣೆ ಬೇಡ, ವ್ಯಾಖ್ಯಾನಕಾರರು ಬೇಡ. ಹಿರಿಯರು ಸೇರಿ ದೇವರ ಮುಂದೆ ಮಾತು ಕೊಟ್ಟರೆ ಸಾಕು. ಸಾವಿರಾರು ಪದಗಳನ್ನು ಕಾಪಾಡಿದ ಸಿರಿಯಜ್ಜಿಯ ಕುಲದಲ್ಲಿ, ಹೆಣ್ಣಿನ ಬಾಯಿಂದ ಬಂದ ಹಾಡು ಮೈಲಿಗೆಯಾಗದಿದ್ದ ಮೇಲೆ ಹೆಣ್ಣಿನ ಮೈ ಮೈಲಿಗೆಯಾಗುವುದು ಹೇಗೆ?

ಕಾನೂನು ಇದೆ. ಅಮಾನವೀಯ ಆಚರಣೆಗಳನ್ನು ತಡೆಯುವ ಕರ್ನಾಟಕದ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಬೇರೆ ಇಡುವುದು ಅದರ ಪಟ್ಟಿಯಲ್ಲಿದೆ. ನೇಪಾಳವೂ ಮುಟ್ಟಿನ ಗುಡಿಸಲಿನ ವಿರುದ್ಧ 2017ರಲ್ಲಿ ಶಿಕ್ಷೆಯ ಕಾನೂನು ಮಾಡಿತು. ಆಮೇಲೂ ಅಲ್ಲಿನ ಗುಡಿಸಲುಗಳಲ್ಲಿ ಹೆಣ್ಣುಮಕ್ಕಳು ಸತ್ತಿದ್ದಾರೆ. ಕಾನೂನಿನ ಭಯ ಗುಡಿಸಲನ್ನು ಕೆಡವುತ್ತದೆ, ಮನೆಯ ಬಾಗಿಲನ್ನು ತೆರೆಯುವುದಿಲ್ಲ. ಸರ್ಕಾರ ಕೆಲವು ಹಟ್ಟಿಗಳಲ್ಲಿ ‘ಕೃಷ್ಣ ಕುಟೀರ’ ಎಂಬ ಕಟ್ಟಡಗಳನ್ನು ಕಟ್ಟಿಸಿತು, ಹೊರಗಿರುವ ಹೆಂಗಸರಿಗೆ ಸೂರಾಗಲಿ ಎಂದು. ಜೀವ ಉಳಿಸುವ ತುರ್ತಿನಲ್ಲಿ ಮಾಡಿದ ಕೆಲಸ ಅದು, ಆ ಮಟ್ಟಿಗೆ ಸರಿ. ಆದರೆ ಸಿಮೆಂಟಿನ ಕಟ್ಟಡ ಹೊರಗಿಡುವುದನ್ನು ಕಾಯಂ ಮಾಡುತ್ತದೆ. ಆ ಕಟ್ಟಡಗಳನ್ನು ಹಟ್ಟಿಯ ವಾಚನಾಲಯವನ್ನಾಗಿಯೋ ಅಂಗನವಾಡಿಯನ್ನಾಗಿಯೋ ಮಾಡುವ ದಿನಕ್ಕೆ ಇಲಾಖೆ ಕಾಯಬಾರದು, ಗಡುವು ಹಾಕಬೇಕು.

ಒಳಗಿನಿಂದ ಬದಲಾವಣೆ ತರುವುದು ಹೇಗೆ ಎಂಬುದಕ್ಕೆ ಕೀನ್ಯಾದಲ್ಲಿ ಒಂದು ಪಾಠವಿದೆ. ಅಲ್ಲಿನ ಹಲವು ಜನಾಂಗಗಳಲ್ಲಿ ಹುಡುಗಿಯರು ಪ್ರಾಯಕ್ಕೆ ಬಂದಾಗ ಜನನಾಂಗ ಕೊಯ್ಯುವ ಕ್ರೂರ ಪದ್ಧತಿ ಇತ್ತು. 1996ರಲ್ಲಿ ತರಾಕಾ ಸೀಮೆಯ ತಾಯಂದಿರು ಮಹಿಳಾ ಸಂಘಟನೆಯೊಂದಿಗೆ ಸೇರಿ ಹೊಸ ವಿಧಿಯೊಂದನ್ನು ಕಟ್ಟಿದರು. ಹುಡುಗಿಯರು ಮೊದಲಿನಂತೆಯೇ ಕೆಲವು ದಿನ ಒಟ್ಟಿಗೆ ಇರುತ್ತಾರೆ, ಹಿರಿಯ ಹೆಂಗಸರಿಂದ ಕುಲದ ಕತೆ, ಮೈಯ ತಿಳಿವಳಿಕೆ ಪಡೆಯುತ್ತಾರೆ, ಕೊನೆಯ ದಿನ ಹಾಡು, ಕುಣಿತ, ಉಡುಗೊರೆ, ಊಟ ಎಲ್ಲವೂ ಇರುತ್ತವೆ. ಕತ್ತಿ ಇರುವುದಿಲ್ಲ. ವಿಧಿಯನ್ನು ಉಳಿಸಿಕೊಂಡು ಗಾಯವನ್ನು ತೆಗೆದರು. 2011ರಲ್ಲಿ ಕಠಿಣ ಕಾಯ್ದೆ ಬರುವಷ್ಟರಲ್ಲಿ ಅದನ್ನು ಒಪ್ಪುವ ಮನಸ್ಸು ಅಲ್ಲಲ್ಲಿ ತಯಾರಾಗಿತ್ತು. ನಮ್ಮ ಹಟ್ಟಿಗಳಲ್ಲಿಯೂ ಬಾಣಂತಿಯನ್ನು ಆರತಿ ಎತ್ತಿ ನೇರ ಮನೆಯೊಳಕ್ಕೆ ಕರೆದುಕೊಳ್ಳುವ ವಿಧಿಯನ್ನು ಪೂಜಾರಿಯ ಕೈಯಲ್ಲೇ ಮಾಡಿಸಬಹುದು. ಆಸ್ಪತ್ರೆಯಿಂದ ಬಂದ ಕೂಸನ್ನು ಜುಂಜಪ್ಪನ ಮುಂದೆ ಮೊದಲ ದಿನವೇ ಮಲಗಿಸಿದರೆ ಅದಕ್ಕಿಂತ ದೊಡ್ಡ ಹರಕೆ ಯಾವುದು?

ಹಾವು ಚೇಳಿನ ವಿಷಯದಲ್ಲಿಯೂ ಹೀಗೆಯೇ ಯೋಚಿಸಬೇಕು. ವಿ‍ಷಜಂತು ಕಚ್ಚಿದಾಗ ಜುಂಜಪ್ಪನ ಹೆಸರು ಹೇಳಿ ಹರಕೆ ಕಟ್ಟಿಕೊಳ್ಳುವವರು ಈ ಸೀಮೆಯಲ್ಲಿ ಬಹಳ. ವಿಷಕ್ಕೆ ಬಲಿಯಾದವನೇ ವಿಷದಿಂದ ಕಾಯುತ್ತಾನೆಂಬ ನಂಬಿಕೆಯ ಹಿಂದಿರುವ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಹರಕೆಯೊಂದೇ ಸಾಲದು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ವಿಷನಿರೋಧಕ ಚುಚ್ಚುಮದ್ದು ಸಿಗುವ ಆಸ್ಪತ್ರೆಗೆ ಮೊದಲು ಹೋಗಿ, ಹರಕೆ ಆಮೇಲೆ ತೀರಿಸಿ ಎಂದು ಗುಡ್ಡೆಯ ಪೂಜಾರಿಯೇ ಹೇಳಿದರೆ, ಆರೋಗ್ಯ ಇಲಾಖೆಯ ನೂರು ಭಿತ್ತಿಪತ್ರಗಳಿಗಿಂತ ಬೇಗ ಮಾತು ಮುಟ್ಟುತ್ತದೆ. ಇಲಾಖೆಯವರು ಪೂಜಾರಿಯನ್ನು ಎದುರಾಳಿಯೆಂದು ನೋಡುವುದನ್ನು ಬಿಟ್ಟು ಅವನ ಜೊತೆ ಜಗಲಿಯ ಮೇಲೆ ಕೂರಬೇಕು.

ಕೊನೆಯದಾಗಿ ಸರ್ಕಾರದ ಕಡತವೊಂದರ ಮಾತು. ಕಾಡುಗೊಲ್ಲರು ಈಗ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿದ್ದಾರೆ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಅವರ ಬೇಡಿಕೆ ಹಳೆಯದು. ರಾಜ್ಯ ಕೇಂದ್ರಕ್ಕೆ ಶಿಫಾರಸನ್ನೂ ಮಾಡಿದೆ. 2020ರಲ್ಲಿ, ಶಿರಾ ಉಪಚುನಾವಣೆಯ ಹೊತ್ತಿಗೆ, ಕಾಡುಗೊಲ್ಲ ಅಭಿವೃದ್ಧಿ ನಿಗಮವೂ ಘೋಷಣೆಯಾಯಿತು. ಪಂಗಡಕ್ಕೆ ಸೇರಿಸಲು ಕೇಂದ್ರ ಇಂದಿಗೂ ನೋಡುವುದು 1965ರ ಲೋಕೂರ್ ಸಮಿತಿಯ ಅಳತೆಗಳನ್ನು. ಆದಿಮ ಲಕ್ಷಣಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಇದರಲ್ಲಿ ಮೊದಲನೆಯದು 1871ರ ಟೈಲರನ ಮೆಟ್ಟಿಲಿನ ಭಾಷೆಯೇ. ಆಫ್ರಿಕಾದ ವಿದ್ವಾಂಸರು ಹೊಡೆದಾಡಿ ತಮ್ಮ ಮೇಲಿಂದ ಕಿತ್ತೊಗೆದ ಮಾತನ್ನು ನಮ್ಮ ಕಡತ ಇನ್ನೂ ಹೊತ್ತುಕೊಂಡಿದೆ. ಇದರಿಂದ ಹಟ್ಟಿಗೆ ಎರಡು ಕಡೆಯಿಂದ ಎಳೆತ. ಸೂತಕದ ಗುಡಿಸಲು ಬಿಡಿ ಎಂದು ಒಂದು ಇಲಾಖೆ ಬರುತ್ತದೆ. ನೀವು ಬೇರೆಯವರೆಂದು ತೋರಿಸಿ ಎಂದು ಇನ್ನೊಂದು ಇಲಾಖೆ ಕೇಳುತ್ತದೆ. ಕುಲಶಾಸ್ತ್ರೀಯ ವರದಿಗಳಲ್ಲಿ ಸೂತಕದ ಪದ್ಧತಿ ಆದಿಮ ಲಕ್ಷಣದ ಪುರಾವೆಯಾಗಿ ನಮೂದಾಗುವವರೆಗೆ, ಅದನ್ನು ಬಿಟ್ಟರೆ ಮೀಸಲಾತಿಯ ಹಕ್ಕೇ ಹೋದೀತೆಂಬ ಅಂಜಿಕೆ ಹಟ್ಟಿಯ ಯಜಮಾನನಿಗೆ ಬಂದರೆ ಅವನನ್ನು ದೂರಲಾಗದು.

ಪುರಾವೆ ಬೇಕೆಂದರೆ ಬೇಕಾದಷ್ಟಿದೆ. ರಾತ್ರಿಯಿಡೀ ಹಾಡಿದರೂ ಮುಗಿಯದ ಜುಂಜಪ್ಪನ ಕಾವ್ಯ ಇದೆ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯಲ್ಲಿ ಕ್ಯಾತಪ್ಪನಿಗೆ ಮುಳ್ಳಿನಿಂದಲೇ ಗುಡಿ ಕಟ್ಟಿ, ಹುಡುಗರು ಬರಿಗಾಲಲ್ಲಿ ಅದನ್ನೇರಿ ಕಳಸ ಇಳಿಸುವ ಜಾತ್ರೆ ಇದೆ. ಕಟ್ಟೆಮನೆಯ ನ್ಯಾಯಪದ್ಧತಿ ಇದೆ, ಮಾರಲಾಗದ ಎತ್ತುಗಳಿವೆ. ಮುಂದಿನ ಅಧ್ಯಯನ ತಂಡ ಶಿರಾಕ್ಕೂ ಪಾವಗಡಕ್ಕೂ ಬಂದಾಗ ಗಣೆಯ ಹಾಡುಗಾರರನ್ನು, ಕಿಲಾರಿಗಳನ್ನು, ಪದ ಬಲ್ಲ ಹೆಂಗಸರನ್ನು ಮೊದಲು ಕೂರಿಸಿಕೊಂಡು ಕೇಳಲಿ. ವಿಶಿಷ್ಟ ಸಂಸ್ಕೃತಿ ಎಂಬ ಅಂಕಣ ತುಂಬಲು ಅವರ ಮಾತು ಸಾಕು. ಬಾಣಂತಿಯ ಗುಡಿಸಲನ್ನು ಆ ಅಂಕಣದಿಂದ ಹೊಡೆದುಹಾಕಿ, ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿಗೆ ಕಳುಹಿಸಲಿ.